ಹದಿನೇಳನೇ ನಂಬರಿನ ತೋಳು

ಮೈಕು ಕೈಗೆ ಬಂದಾಗ ಆಡಬೇಕಾದ ಮೊದಲ ವಾಕ್ಯವನ್ನು ಹೇಮಶ್ರೀ ಹನ್ನೊಂದು ವರ್ಷಗಳಿಂದ ತಿದ್ದುತ್ತ ಬಂದಿದ್ದಳು. ಮೊದಮೊದಲು ಅದು ತುಂಬ ಉದ್ದವಾಗಿತ್ತು. ಸತ್ಯ, ವಿಜ್ಞಾನ, ಆತ್ಮಸಾಕ್ಷಿ ಎಂಬ ದೊಡ್ಡ ಪದಗಳೆಲ್ಲ ಅದರಲ್ಲಿದ್ದವು. ನಲವತ್ತು ದಾಟುವ ಹೊತ್ತಿಗೆ ಅವೆಲ್ಲ ಉದುರಿಹೋಗಿ ಉಳಿದದ್ದು ಇಷ್ಟೇ: ಸಾರ್, ನಿಮ್ಮ ಹದಿನೇಳನೇ ನಂಬರಿನ ಪೇಷಂಟು ಎಲ್ಲೂ ಕಳೆದುಹೋಗಿರಲಿಲ್ಲ, ನೋಡಿ, ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಈ ಭಾನುವಾರ ಬೆಳಿಗ್ಗೆ ಜಯನಗರದ ಮನೆಯಲ್ಲಿ ಹಲ್ಲುಜ್ಜುತ್ತ, ಬಾಯಿತುಂಬ ನೊರೆ ಇಟ್ಟುಕೊಂಡೇ, ಕನ್ನಡಿಯ ಮುಂದೆ ಆ ವಾಕ್ಯವನ್ನು ಎರಡು ಸಲ ಹೇಳಿ ನೋಡಿದಳು. ದನಿ ನಡುಗಲಿಲ್ಲ. ಇನ್ನೂರು ಜನರೆದುರು ಆ ಮನುಷ್ಯನ ಮುಖ ಹೇಗೆ ಕಪ್ಪಿಡಬಹುದೆಂದು ಊಹಿಸಿದಾಗ ಹೊಟ್ಟೆ ತಣ್ಣಗಾಯಿತು. ಇಷ್ಟೊಂದು ಖುಷಿಯಾಗುತ್ತಿದೆಯಲ್ಲ ತನಗೆ ಎಂದು ನಾಚಿಕೆಯೂ ಆಯಿತು, ಆದರೆ ಆ ನಾಚಿಕೆ ಬಾಯಿ ಮುಕ್ಕಳಿಸುವಷ್ಟು ಹೊತ್ತು ಮಾತ್ರ ಇತ್ತು.

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಗಂಡ ರವಿಕಿರಣ್, "ಭಾನುವಾರನೂ ಇಷ್ಟ್ ಬೇಗ ಎದ್ದಿದೀಯಲ್ಲೇ. ಫಂಕ್ಷನ್ ಹತ್ತೂವರೆಗಲ್ವಾ?" ಎಂದ.

"ಬೇಗೂರಿಗೆ ಹೋಗಿ ಆಯಮ್ಮನ್ನ ಕರ್ಕೊಂಡ್ ಬರ್ಬೇಕು."

"ಹನ್ನೊಂದು ವರ್ಷ ಆಯ್ತು. ಪಾಪ, ರಿಟೈರ್ ಆಗ್ತಿರೋ ಮನುಷ್ಯ. ಬಿಟ್ಟುಬಿಡೇ."

"ಪಾಪ ಅನ್ಬೇಡ. ಆ ಪದ ಒಂದನ್ನ ಅನ್ಬೇಡ."

ರವಿಕಿರಣ್ ಅವಳ ಮುಖ ನೋಡಿ ಲೋಟವನ್ನು ಅವಳ ಕಡೆ ಸರಿಸಿದ. ಅವನಿಗೆ ಬ್ಯಾಂಕಿನ ಕೆಲಸ. ಮನುಷ್ಯ ಮನುಷ್ಯನನ್ನು ಇಷ್ಟು ಕಾಲ ದ್ವೇಷಿಸಬಹುದು ಎನ್ನುವುದು ಅವನಿಗೆ ಮದುವೆಯಾದ ಮೇಲೇ ಗೊತ್ತಾದದ್ದು.

ಆ ಮನುಷ್ಯ ಎಂದರೆ ಡಾಕ್ಟರ್ ಏಕಾಂತಯ್ಯ, ಅವಳು ಓದಿದ ಕಾಲೇಜಿನ ಮೂಳೆ ವಿಭಾಗದ ಮುಖ್ಯಸ್ಥರು, ಅವಳ ಎಂ.ಎಸ್. ಪ್ರಬಂಧದ ಮಾರ್ಗದರ್ಶಕರು. ಭುಜಕ್ಕೂ ಮೊಣಕೈಗೂ ನಡುವಿನ ಮೂಳೆ ಮುರಿದರೆ ಪ್ಲೇಟ್ ಹಾಕಿ ಕೂಡಿಸುವುದು ಮೇಲೋ ನೇಲ್ ಹಾಕಿ ಕೂಡಿಸುವುದು ಮೇಲೋ ಎಂಬುದು ಅವಳ ಪ್ರಬಂಧದ ವಿಷಯ. ಪ್ಲೇಟ್ ಎಂದರೆ ತೋಳನ್ನು ಉದ್ದಕ್ಕೆ ಸೀಳಿ, ಮುರಿದ ತುಂಡುಗಳನ್ನು ಕಣ್ಣಾರೆ ನೋಡಿ ಜೋಡಿಸಿ, ಮೇಲೊಂದು ಲೋಹದ ಪಟ್ಟಿಯಿಟ್ಟು ಸ್ಕ್ರೂಗಳಿಂದ ಬಿಗಿಯುವುದು. ಮೂಳೆಯನ್ನು ಸುತ್ತಿಕೊಂಡು ಇಳಿಯುವ ನರಕ್ಕೆ ಅಲ್ಲಿ ಪೆಟ್ಟಾದರೆ ಮಣಿಕಟ್ಟು ಜೋತುಬೀಳುತ್ತದೆ. ನೇಲ್ ಎಂದರೆ ಭುಜದ ತುದಿಯಲ್ಲಿ ಸಣ್ಣ ಗಾಯ ಮಾಡಿ ಮೂಳೆಯ ಪೊಳ್ಳಿನೊಳಗೆ ಉದ್ದನೆಯ ಸರಳು ಇಳಿಸುವುದು. ಗಾಯ ಚಿಕ್ಕದು, ರಕ್ತ ಕಡಿಮೆ, ಒಂದು ಗಂಟೆಯ ಕೆಲಸ. ಆದರೆ ಸರಳಿನ ತಲೆ ಮೂಳೆಯೊಳಗೆ ಪೂರ್ತಿ ಮುಳುಗಬೇಕು. ಒಂದಿಷ್ಟು ಮೇಲುಳಿದರೂ ಕೈ ಎತ್ತಿದಾಗಲೆಲ್ಲ ಅದು ಭುಜದ ಚಿಪ್ಪಿಗೆ ತಾಗುತ್ತದೆ. ನಲವತ್ತು ರೋಗಿಗಳು, ಇಪ್ಪತ್ತು ಜನಕ್ಕೆ ಅದು, ಇಪ್ಪತ್ತು ಜನಕ್ಕೆ ಇದು. ಯಾರಿಗೆ ಯಾವುದೆಂದು ಡಾಕ್ಟರು ಆರಿಸುವ ಹಾಗಿಲ್ಲ, ಮುಚ್ಚಿದ ಲಕೋಟೆಗಳೊಳಗೆ ಚೀಟಿಗಳಿರುತ್ತವೆ, ಆಪರೇಷನ್ನಿನ ದಿನ ಮೇಲಿನದನ್ನು ಒಡೆದು ಅದರಲ್ಲಿ ಬಂದದ್ದನ್ನು ಮಾಡಬೇಕು. ಏಕಾಂತಯ್ಯನವರು ನೇಲ್ ಪಕ್ಷದವರು. ಬೆನ್ನ ಹಿಂದೆ ಹುಡುಗರು ನೇಲ್ ಏಕಾಂತಯ್ಯ ಎನ್ನುತ್ತಿದ್ದರು, ಅದು ಗೊತ್ತಿದ್ದೂ ಅವರು ಹೆಮ್ಮೆಯಿಂದ ಸುಮ್ಮನಿರುತ್ತಿದ್ದರು. ಪ್ಲೇಟಿನ ಕೇಸುಗಳನ್ನು ನರದ ಭಯಕ್ಕೆ ತಾವೇ ಮಾಡುತ್ತಿದ್ದರು, ನೇಲ್ ಮಾತ್ರ ಓದುವವರ ಕೈಗೂ ಕೊಡುತ್ತಿದ್ದರು.

ಪ್ರಬಂಧದ ಕರಡಿನ ಕೃತಜ್ಞತೆಯ ಪುಟದಲ್ಲಿ ಅವಳು 'ನನ್ನ ಗುರುಗಳು' ಎಂದು ಬರೆದಿದ್ದನ್ನು ಅವರು ತಮ್ಮ ಕೈಯಾರೆ 'ದೇವರಂಥ ನನ್ನ ಗುರುಗಳು' ಎಂದು ತಿದ್ದಿದ್ದರು. ಅದನ್ನು ಅವಳು ನಕ್ಕು ಸಹಿಸಿಕೊಂಡಿದ್ದಳು. ಮೌಖಿಕ ಪರೀಕ್ಷೆಯ ಬೆಳಿಗ್ಗೆ ಹೊರಗಿನ ಪರೀಕ್ಷಕರು ಬಂದು ಕೂತಾಗ, ಐವರು ಅಭ್ಯರ್ಥಿಗಳು ಸಾಲಾಗಿ ನಿಂತಿದ್ದರೂ, "ಹೇಮಾ, ಕಾಫಿ ನೋಡಮ್ಮ, ಸಕ್ಕರೆ ಅಂದಾಜು ನಿನಗೇ ಗೊತ್ತಾಗೋದು" ಎಂದು ಅವಳನ್ನು ಕಳಿಸಿದ್ದರು. ಟ್ರೇ ಹಿಡಿದು ಒಳಗೆ ಬಂದವಳನ್ನು ಪರೀಕ್ಷಕರೊಬ್ಬರು ನರ್ಸ್ ಎಂದುಕೊಂಡು, ಮುಂದಿನ ಕ್ಯಾಂಡಿಡೇಟನ್ನ ಕಳಿಸಿ ಅಂದಿದ್ದರು. ಅದನ್ನೂ ಸಹಿಸಿದಳು. ಸಹಿಸಲಾಗದ್ದು ಆ ಕೆಂಪು ಗೆರೆ. ಒಂದು ಮಧ್ಯಾಹ್ನ ಅವಳ ಕೋಷ್ಟಕವನ್ನು ಮೇಜಿನ ಮೇಲೆ ಹರಡಿಕೊಂಡು, ನೇಲ್ ಗುಂಪಿನಲ್ಲಿ ಭುಜ ಕೆಟ್ಟ ಮೂವರ ಸಾಲುಗಳನ್ನು ಏಕಾಂತಯ್ಯನವರು ಕೆಂಪು ಪೆನ್ನಿನಿಂದ ಹೊಡೆದುಹಾಕಿದರು. ಪಕ್ಕದಲ್ಲಿ 'ಮತ್ತೆ ತಪಾಸಣೆಗೆ ಬರಲಿಲ್ಲ' ಎಂದು ಬರೆದರು. "ಸಾರ್, ಹದಿನೇಳನೇ ಪೇಷಂಟು ಈಗ ಆಚೆನೇ ಕೂತಿದಾರೆ, ಟೋಕನ್ ತಗೊಂಡು" ಎಂದಳು ಹೇಮಶ್ರೀ. "ಕೂತಿರ್ಲಿ" ಎಂದರು ಅವರು. ಅವಳು ಅಲ್ಲೇ ನಿಂತಿದ್ದಳು. "ಗಂಡು ಹುಡುಗ್ರು ಇಷ್ಟ್ ಹೊತ್ತಿಗೆ ಟೈಪಿಂಗ್‌ಗೆ ಕೊಟ್ಟಿರೋರಮ್ಮ. ನೀನು ಇನ್ನೂ ಕೂತ್ಕೊಂಡು ಅವರೇಕಾಯಿ ಸುಲೀತಿದೀಯ." ಕೋಣೆಯಲ್ಲಿದ್ದ ಹುಡುಗರೆಲ್ಲ ನಕ್ಕರು, ಅವಳ ಬ್ಯಾಚಿನ ಶಿವರಾಮ್ ಎಲ್ಲರಿಗಿಂತ ಜೋರಾಗಿ ನಕ್ಕ. ಅವಳು ಹೊರಗೆ ಬಂದಾಗ ಬೆಂಚಿನ ಮೇಲೆ ಆ ಹದಿನೇಳನೇ ಪೇಷಂಟು, ಗೌರಮ್ಮ, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾಗದದ ಮೇಲೆ ಆಕೆ ಇನ್ನು ಇರಲಿಲ್ಲ. ಆ ಕೋಷ್ಟಕವನ್ನೇ ಹೇಮಶ್ರೀ ಟೈಪಿಂಗ್‌ಗೆ ಕೊಟ್ಟಳು, ಪಾಸಾದಳು. ಏಕಾಂತಯ್ಯನವರು ಅದೇ ಲೆಕ್ಕ ಹಿಡಿದುಕೊಂಡು ಲೇಖನ ಬರೆದು ಊರೂರು ಸುತ್ತಿ ಭಾಷಣ ಮಾಡಿದರು.

ಸಿಲ್ಕ್ ಬೋರ್ಡ್ ಸರ್ಕಲ್ಲಿನಲ್ಲಿ ಭಾನುವಾರವೂ ಗಾಡಿಗಳು ಮುಂದೆ ಹೋಗುವ ಹಾಗಿರಲಿಲ್ಲ. ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿ ಬೇಗೂರು ರಸ್ತೆ ಹಿಡಿದಾಗ ಎಂಟೂಮುಕ್ಕಾಲು. ಹೊಡೆದುಹಾಕಿದ ಮೂವರಲ್ಲಿ ಒಬ್ಬರು ಮನೆ ಖಾಲಿ ಮಾಡಿ ಮದ್ರಾಸಿಗೆ ಹೋಗಿದ್ದರು, ಇನ್ನೊಬ್ಬರು ತೀರಿಕೊಂಡಿದ್ದರು. ಸಿಕ್ಕಿದ್ದು ಗೌರಮ್ಮ ಒಬ್ಬಳೇ. ಹಳೆಯ ದಾಖಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ ಗಂಡ ಚಿಕ್ಕಬೈರಪ್ಪ ಎತ್ತಿಕೊಂಡಿದ್ದ. ನಿಮ್ಮ ಮನೆಯವರ ಕೈಯನ್ನು ದೊಡ್ಡ ದೊಡ್ಡ ಡಾಕ್ಟರುಗಳಿಗೆ ತೋರಿಸೋಣ ಎಂದಿದ್ದಳು ಹೇಮಶ್ರೀ. ಅದು ಸುಳ್ಳಲ್ಲ, ತೋರಿಸುವುದಂತೂ ನಿಜ. ಫೋನ್ ಇಟ್ಟ ಮೇಲೆ ಆ ಮಾತು ಸ್ವಲ್ಪ ಚುಚ್ಚಿತ್ತು, ಆಮೇಲೆ ಕೈಯನ್ನು ಸರಿಮಾಡಿಯೂ ಕೊಡುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಕೆರೆಯ ಹತ್ತಿರದ ಗಲ್ಲಿಯಲ್ಲಿ, ಮೇಲಿನ ಮೂರು ಅಂತಸ್ತು ಬಾಡಿಗೆಗೆ ಕೊಟ್ಟ ಮನೆಯ ಗೇಟಿನಲ್ಲಿ ಗೌರಮ್ಮ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಬಲಗೈ ಮಾತ್ರ ಮೈಗೆ ಅಂಟಿಕೊಂಡಂತಿತ್ತು. ತುರುಬನ್ನು ಸೊಸೆ ಕಟ್ಟಿರಬೇಕು, ಒಂದು ಕಡೆಗೆ ವಾಲಿತ್ತು.

ಚಿಕ್ಕಬೈರಪ್ಪ ಕಾರಿನ ಬಾಗಿಲು ಹಿಡಿದುಕೊಂಡು, "ಗಾಡಿ ಮೇಲಿಂದ ಬೀಳ್ಸಿದ್ದು ನಾನು ಮೇಡಂ, ಆ ಪಾಪ ನಂದು. ಹಳ್ಳ ಕಾಣ್ಲಿಲ್ಲ. ಆದ್ರೆ ಕೈ ಇಂಗಾಗಿದ್ದು ಯಾಕೆ ಅಂತ ಯಾರೂ ಯೋಳ್ಲಿಲ್ಲ ನಮಗೆ" ಎಂದ.

"ಇವತ್ತು ಹೇಳ್ತಾರೆ" ಎಂದಳು ಹೇಮಶ್ರೀ.

ದಾರಿಯಲ್ಲಿ ಗೌರಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆಮೇಲೆ ಕೇಳಿದಳು:

"ಆವತ್ತಿನ ದೊಡ್ಡ ಡಾಕ್ಟ್ರು ಬತ್ತಾರಾ ಡಾಕ್ಟ್ರಮ್ಮ?"

"ಬರ್ತಾರೆ. ಅವ್ರದ್ದೇ ಸನ್ಮಾನ."

"ಅಂಗಾರೆ ಸರಿ. ಅವ್ರನ್ನೇ ನೋಡ್ಬೇಕಿತ್ತು ನಾನು. ಅವ್ರ ಎದ್ರಿಗೆ ಒಂದ್ ಮಾತ್ ಆಡ್ಬೇಕು."

ಈಕೆಯ ಹೊಟ್ಟೆಯಲ್ಲೂ ಬೆಂಕಿ ಇದೆ ಎಂದು ಹೇಮಶ್ರೀಗೆ ಹಿಗ್ಗಾಯಿತು. ಜೊತೆಗಾರ್ತಿ ಸಿಕ್ಕಿದ ಹಾಗಾಯಿತು. "ಧಾರಾಳವಾಗಿ ಆಡಿ ಅಮ್ಮ. ನಾನೇ ಮೈಕ್ ಕೊಡ್ತೀನಿ" ಎಂದಳು. ಗೌರಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. ಆ ತೋಳನ್ನು ಹೇಮಶ್ರೀ ಸುಮ್ಮನೆ ನೋಡಿದಳು. ಮಡಿವಾಳದ ಕಡೆಯಿಂದ ಬಂದ ಬಸ್ಸೊಂದು ಎಡಕ್ಕೆ ನುಗ್ಗಿ ಹಾರ್ನ್ ಹೊಡೆಯಿತು. ಆಪರೇಷನ್ನಿನ ದಿನ ಹಸಿರು ಬಟ್ಟೆಯ ನಡುವಿನ ತೂತಿನಲ್ಲಿ ಕಾಣುತ್ತಿದ್ದುದು ಇದೇ ತೋಳಿನ ಮೇಲ್ತುದಿ, ಅಯೋಡಿನ್ ಬಳಿದು ಕಂದಾಗಿತ್ತು. ಆ ಕೇಸನ್ನು ಮಾಡಿದ್ದು ಅವಳೇ. ಅದನ್ನು ಅವಳು ಮರೆತಿರಲಿಲ್ಲ, ನೆನಪಿಸಿಕೊಳ್ಳುತ್ತಿರಲಿಲ್ಲ, ಅಷ್ಟೇ. ನೆನಪಾದಾಗ ಹೇಳಿಕೊಳ್ಳಲು ಅವಳ ಹತ್ತಿರ ಉತ್ತರವಿತ್ತು: ಯೂನಿಟ್ ಅವರದು, ನೇಲ್ ಹುಚ್ಚು ಅವರದು, ಕಲಿಯುವವಳ ಕೈ ತಪ್ಪಿದರೆ ಕಲಿಸುವವರೇ ಹೊಣೆ. ಏಕಾಂತಯ್ಯನವರು ಪಕ್ಕದ ಥಿಯೇಟರಿನಲ್ಲಿ ಸೊಂಟದ ಮೂಳೆಯ ಕೇಸಿನಲ್ಲಿದ್ದರು, ಮುಗಿಸಿ ನೋಡಲು ಬರುವವರಿದ್ದರು. ಅವರು ಬರುವಷ್ಟರಲ್ಲಿ ಮುಗಿದಿರಬೇಕು, ಶಿವರಾಮನ ನೇಲಿಗಿಂತ ಹತ್ತು ನಿಮಿಷ ಮುಂಚೆ ಮುಗಿದಿರಬೇಕು ಎಂದು ಅವಳು ಒಳಗೊಳಗೇ ಓಡುತ್ತಿದ್ದಳು. ಸರಳನ್ನು ಕೆಳತುದಿಯಲ್ಲಿ ಬಿಗಿಯುವ ಸ್ಕ್ರೂ ಹಾಕಿಯಾಗಿತ್ತು. ಸಿಸ್ಟರ್ ಸತ್ಯಭಾಮಾ ಎಕ್ಸ್-ರೇ ಪರದೆಯನ್ನು ನೋಡಿ, "ಮೇಡಂ, ತಲೆ ಇನ್ನೂ ಒಂಚೂರು ಮೇಲಿದ್ಯಲ್ವಾ?" ಎಂದಿದ್ದರು. ಸ್ಕ್ರೂ ತೆಗೆದು ಸರಳನ್ನು ಮತ್ತೆ ಒಳಗೆ ಹೊಡೆಯಬೇಕು, ಇಪ್ಪತ್ತು ನಿಮಿಷ. "ಸಿಸ್ಟರ್, ಆಪರೇಷನ್ ನೀವು ಮಾಡ್ತೀರಾ, ನಾನು ಮಾಡ್ಲಾ?" ಎಂದಿದ್ದಳು ಹೇಮಶ್ರೀ. ಗಂಡಸರ ದನಿಯಲ್ಲಿ ಹೇಳಿದ್ದಳು. ಅದು ಎಷ್ಟು ಸಲೀಸಾಗಿ ಬಂತೆಂದು ಆಗ ಒಳ್ಳೆಯದೇ ಅನ್ನಿಸಿತ್ತು. ಹೊಲಿಗೆ ಹಾಕುವಾಗ ಏಕಾಂತಯ್ಯನವರು ಬಾಗಿಲಲ್ಲಿ ನಿಂತು, "ಆಯ್ತಾ? ಪರವಾಗಿಲ್ವೇ" ಎಂದು ಹೋಗಿದ್ದರು. ಆ ಎರಡು ಪದಕ್ಕೆ ಒಂದು ವಾರ ಅವಳ ಕಾಲು ನೆಲ ಮುಟ್ಟಿರಲಿಲ್ಲ.

"ಕೈ ಎತ್ತಕ್ಕೆ ಆಗ್ತಿಲ್ಲ ಅಂತ ನಾನು ಮೂರ್ ಸಲ ಬಂದೆ" ಎಂದಳು ಗೌರಮ್ಮ, ಅವಳ ಮನಸ್ಸನ್ನು ಓದಿದವಳ ಹಾಗೆ. "ನೀವು ವ್ಯಾಯಾಮ ಮಾಡ್ತಿಲ್ಲ ಅಂತ ಬೈದ್ರಿ."

"ಆಗ ನಾನಿನ್ನೂ ಓದ್ತಿದ್ದೆ ಅಮ್ಮ."

"ಊಂ."

ಜಯನಗರದ ಏಳನೇ ಬ್ಲಾಕಿನ ಸಭಾಂಗಣದ ಮುಂದೆ ಕಾರುಗಳು ಫುಟ್‌ಪಾತ್ ಹತ್ತಿ ನಿಂತಿದ್ದವು. ಒಳಗೆ ಖಾರಾಬಾತ್ ಕೇಸರಿಬಾತಿನ ಘಮ. ಏಕಾಂತಯ್ಯನವರ ಆಳೆತ್ತರದ ಚಿತ್ರ, ಚಿತ್ರದಲ್ಲಿ ಅವರ ಅದೇ ಹಳೆಯ ನಗು. ಕಾರ್ಯಕ್ರಮದ ಉಸ್ತುವಾರಿ ಶಿವರಾಮನದೇ. ಈಗ ಅವನಿಗೆ ಬನಶಂಕರಿಯಲ್ಲಿ ಸ್ವಂತ ನರ್ಸಿಂಗ್ ಹೋಮ್, ಹೊಟ್ಟೆ ಮುಂದೆ ಬಂದಿದೆ. "ಬಾರಮ್ಮ ಪ್ಲೇಟ್ ರಾಣಿ!" ಎಂದು ಕೈ ಅಗಲಿಸಿದ. "ಗುರುಗಳನ್ನ ಸ್ವಲ್ಪ ನೋಡ್ಕೊಂಡು ಹೊಡಿ ಇವತ್ತು. ಕೊನೇ ಡಿಬೇಟು." ಸನ್ಮಾನಕ್ಕೆ ಮುಂಚೆ ಗುರುಶಿಷ್ಯರ ನಡುವೆ ನೇಲ್, ಪ್ಲೇಟ್ ಎಂದು ಒಂದು ಸ್ನೇಹದ ಚರ್ಚೆ ಇಡುವ ಯೋಚನೆ ಅವನದೇ ಆಗಿತ್ತು. ಪ್ಲೇಟ್ ಪರವಾಗಿ ಮಾತಾಡುತ್ತೀಯಾ ಎಂದು ಅವನು ಕೇಳಿದ ದಿನವೇ ಹೇಮಶ್ರೀ ಹಳೆಯ ದಾಖಲೆಗಳ ಕೋಣೆಗೆ ಹೋಗಿ ಹದಿನೇಳನೇ ನಂಬರಿನ ಎಕ್ಸ್-ರೇ ಹುಡುಕಿ ತೆಗೆದಿದ್ದಳು. ಏಕಾಂತಯ್ಯನವರು ಅಷ್ಟರಲ್ಲಿ ಜನರ ನಡುವಿನಿಂದ ಬಂದರು. ಬಡವಾಗಿದ್ದರು. ಕೋಟಿನ ಭುಜ ಇಳಿಬಿದ್ದಿತ್ತು.

"ಹೇಮಾ, ಕಾಫಿ ಆಯ್ತೇನಮ್ಮ?"

ಅಷ್ಟೇ ಸಾಕಾಯಿತು. ದಾರಿಯಲ್ಲಿ ಎಲ್ಲೋ ಸ್ವಲ್ಪ ಸಡಿಲಾಗಿದ್ದ ಸಿಟ್ಟು ಮತ್ತೆ ಗಟ್ಟಿಯಾಯಿತು. "ಆಯ್ತು ಸಾರ್" ಎಂದಳು. ಅವರ ಕಣ್ಣು ಅವಳ ಹಿಂದೆ ನಿಂತಿದ್ದ ಗೌರಮ್ಮನ ಮೇಲೆ ಹೋಯಿತು, ಮುಖದ ಮೇಲೆ ಸ್ವಲ್ಪ, ಬಲದೋಳಿನ ಮೇಲೆ ತುಸು ಹೆಚ್ಚು ಹೊತ್ತು ನಿಂತಿತು. ಯಾರು ಎಂದು ಅವರು ಕೇಳಲಿಲ್ಲ. ಗೌರಮ್ಮ ಎಡಗೈ ಒಂದನ್ನೇ ಎದೆಗೆ ತಂದು ನಮಸ್ಕಾರ ಮಾಡಿದಳು.

ಏಕಾಂತಯ್ಯನವರು ವೇದಿಕೆ ಹತ್ತಿ ಅರ್ಧ ಗಂಟೆ ಮಾತಾಡಿದರು. ಮುದುಕರ ಮಾತಿಗೆ ಸಭೆ ನಗಬೇಕಾದಲ್ಲೆಲ್ಲ ನಕ್ಕಿತು. ತೋಳನ್ನು ಮೀನಿನ ಹಾಗೆ ಸೀಳುವುದೇತಕ್ಕೆ, ಮುರಿದ ಜಾಗವನ್ನು ಮುಟ್ಟದೆ ಮೇಲಿನಿಂದ ಒಂದು ಸರಳು ಇಳಿಸಿದರೆ ಮೂಳೆ ತನ್ನ ಪಾಡಿಗೆ ತಾನು ಕೂಡುತ್ತದೆ, ಎಂದರು. ತಮ್ಮ ಲೇಖನದ ಕೋಷ್ಟಕ ತೋರಿಸಿದರು: ನೇಲ್ ಹದಿನೇಳು ಜನ, ಭುಜದ ತೊಂದರೆ ಸೊನ್ನೆ. ಹೇಮಶ್ರೀ ಆ ಸೊನ್ನೆಯನ್ನೇ ನೋಡುತ್ತ ಕೂತಳು. ಇಪ್ಪತ್ತು ಇರಬೇಕಾದಲ್ಲಿ ಹದಿನೇಳು. ಇನ್ನೂರು ಜನ ಮೂಳೆ ಡಾಕ್ಟರುಗಳಲ್ಲಿ ಒಬ್ಬನಿಗೂ ಉಳಿದ ಮೂವರು ಎಲ್ಲಿ ಎಂದು ಕೇಳಬೇಕೆನ್ನಿಸಲಿಲ್ಲ. ಈ ಜನರನ್ನೂ ಸೇರಿಸಿ ಅವಳು ದ್ವೇಷಿಸಿದಳು. ಶಾಲು, ಹಾರ, ಚಪ್ಪಾಳೆಗಾಗಿ ಕಾದು ಕೂತ ಆ ಮುಖಗಳಿಗೆಲ್ಲ ಇನ್ನು ಹತ್ತು ನಿಮಿಷದಲ್ಲಿ ಬಾಯಿ ಕಟ್ಟುತ್ತದೆ ಎಂದುಕೊಂಡು ಎದ್ದಳು.

ಮೊದಲು ಅವಳು ನಿಧಾನವಾಗಿ ಹೋದಳು. ಬೇರೆ ಬೇರೆ ಊರುಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ಮೂಳೆ ಕೂಡುವ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ ಎಂದಳು, ನರದ ಭಯ ಪ್ಲೇಟಿನಲ್ಲಿ ಇದ್ದದ್ದೇ ಎಂದು ಒಪ್ಪಿಕೊಂಡಳು, ಭುಜ ಕೆಡುವುದು ಮಾತ್ರ ನೇಲಿನಲ್ಲೇ ಹೆಚ್ಚು ಎಂದಳು. ಆಮೇಲೆ ಕೋಷ್ಟಕದ ಮಾತೆತ್ತಿದಳು. ಆ ವಾಕ್ಯ ಬಾಯಿಗೆ ಬಂತು. ಹೇಳಿದಳು. ಕನ್ನಡಿಯ ಮುಂದೆ ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದಳು. ಸಭೆಯ ಸದ್ದಡಗಿತು. ಮೂರನೇ ಸಾಲಿನಲ್ಲಿ ಗೌರಮ್ಮ ಎದ್ದು ನಿಂತಳು, ಕೈ ಎತ್ತಿ ಅಮ್ಮ ಎಂದು ಹೇಮಶ್ರೀ ಹೇಳಿದಾಗ ಎತ್ತಿದಳು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮುಖ ನೋವಿಗೆ ಕಿವುಚಿಕೊಂಡಿತು. ಪರದೆಯ ಮೇಲೆ ಅದೇ ತೋಳಿನ ಎಕ್ಸ್-ರೇ ಹತ್ತಡಿ ಎತ್ತರಕ್ಕೆ ಬಂತು. ಏಕಾಂತಯ್ಯನವರು ತಲೆ ಬಗ್ಗಿಸಿದರು. ಹೇಮಶ್ರೀ ಹನ್ನೊಂದು ವರ್ಷ ಕಾದದ್ದು ಈ ತಲೆ ಬಗ್ಗುವುದಕ್ಕೇ. ಅದರ ರುಚಿ ಇನ್ನೂ ನಾಲಗೆಗೆ ಸರಿಯಾಗಿ ತಾಗಿರಲಿಲ್ಲ, ಅಷ್ಟರಲ್ಲಿ ಶಿವರಾಮ್ ಎದ್ದು ನಿಂತ.

"ಹೇಮಾ, ಡೇಟಾ ವಿಷಯ ಬೇರೆ, ಅದು ಆಮೇಲೆ ಮಾತಾಡೋಣ. ಆದ್ರೆ ಇದು ನೇಲ್ ತಪ್ಪಲ್ಲಮ್ಮ. ತಲೆ ನಾಲ್ಕು ಮಿಲಿಮೀಟರ್ ಆಚೆ ಇದೆ ನೋಡು. ಇದು ಹಾಕಿದೋರ್ ತಪ್ಪು. ಯಾರು ಸರ್ಜನ್?"

ಇಂಥ ಸಭೆಗಳಲ್ಲಿ ಎಂಥ ದಡ್ಡನೂ ಕೇಳುವ ಮೊದಲ ಪ್ರಶ್ನೆ ಅದು. ಹನ್ನೊಂದು ವರ್ಷದಲ್ಲಿ ಹೇಮಶ್ರೀ ಅದಕ್ಕೆ ಜನರೆದುರು ಹೇಳುವಂಥ ಉತ್ತರ ಸಿದ್ಧಮಾಡಿಕೊಂಡಿರಲಿಲ್ಲ. ಅವಳ ಕಲ್ಪನೆಯಲ್ಲಿ ಈ ಸಭೆ ಯಾವಾಗಲೂ ಅವರ ತಲೆ ಬಗ್ಗುವಲ್ಲಿಗೇ ಮುಗಿದುಹೋಗುತ್ತಿತ್ತು. ಅವಳು ಪರದೆಯ ಕಡೆ ತಿರುಗಿದಳು. ಸರಳಿನ ತಲೆ ಮೂಳೆಯಾಚೆ ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ದೊಡ್ಡದಾಗಿ ಅದನ್ನು ಅವಳು ನೋಡಿರಲಿಲ್ಲ. ನೋಡುತ್ತಿದ್ದ ಹಾಗೆ ಇನ್ನೊಂದೂ ನೆನಪಾಯಿತು, ಇದನ್ನಂತೂ ನಿಜವಾಗಿಯೂ ಮರೆತಿದ್ದಳು. ಆ ಬೆಳಿಗ್ಗೆ ಮೇಲಿನ ಲಕೋಟೆಯನ್ನು ಒಡೆಯುವ ಮೊದಲು, ಕೋಣೆಯಲ್ಲಿ ಯಾರೂ ಇಲ್ಲದಾಗ, ಎಕ್ಸ್-ರೇ ನೋಡುವ ದೀಪದ ಪೆಟ್ಟಿಗೆಗೆ ಅದನ್ನು ಒತ್ತಿ ಹಿಡಿದಿದ್ದಳು. ಒಳಗಿನ ಅಕ್ಷರ ಕಂಡಿತ್ತು: ಪ್ಲೇಟ್. ಪ್ಲೇಟ್ ಬಂದರೆ ಕೇಸು ಏಕಾಂತಯ್ಯನವರ ಕೈಗೆ ಹೋಗುತ್ತದೆ, ತಾನು ಎರಡು ಗಂಟೆ ಗಾಯ ಅಗಲಿಸುವ ಕೊಕ್ಕೆ ಹಿಡಿದು ನಿಲ್ಲಬೇಕು. ಶಿವರಾಮನಿಗೆ ಅಷ್ಟರಲ್ಲಿ ಒಂಬತ್ತು ನೇಲ್ ಆಗಿದ್ದವು, ಅವಳಿಗೆ ಎರಡು. ಆ ಲಕೋಟೆಯನ್ನು ಕೆಳಗೆ ಸೇರಿಸಿ, ನೇಲ್ ಎಂದಿದ್ದ ಮುಂದಿನದನ್ನು ಮೇಲಿಟ್ಟಿದ್ದಳು. ಎಲ್ಲರೂ ಒಮ್ಮೊಮ್ಮೆ ಹಾಗೆ ಮಾಡುತ್ತಿದ್ದರು, ಹಾಸ್ಟೆಲಿನಲ್ಲಿ ಅದನ್ನು ಹ್ಯಾಂಡಲ್ ಹೊಡೆಯುವುದು ಎನ್ನುತ್ತಿದ್ದರು, ನಗುತ್ತಿದ್ದರು. ಗೌರಮ್ಮನ ತೋಳಿಗೆ ಬರಬೇಕಾದದ್ದು ಪ್ಲೇಟ್. ಈ ಕೈ ಇವತ್ತು ತಲೆಯ ಮೇಲೆ ಹೋಗುತ್ತಿತ್ತೋ ಏನೋ. ನಾನೇ ಎಂದು ಹೇಳಬೇಕು, ಎರಡೇ ಅಕ್ಷರ. ಬಾಯಿ ತೆರೆದಳು. ಮೈಕಿನಲ್ಲಿ ಅವಳ ಉಸಿರು ಮಾತ್ರ ಕೇಳಿಸಿತು.

"ನಾನೇ ಶಿವರಾಮ್" ಎಂದರು ಏಕಾಂತಯ್ಯನವರು.

ಅವರು ಎದ್ದು ನಿಂತಿದ್ದರು. "ನನ್ನ ಯೂನಿಟ್, ನನ್ನ ಕೇಸು. ತಲೆ ಮೇಲಿದೆ ಅಂತ ಆವತ್ತೇ ಎಕ್ಸ್-ರೇಲಿ ನೋಡಿದ್ದೆ. ಸರಿಮಾಡ್ಬೇಕಾಗಿತ್ತು, ಮಾಡ್ಲಿಲ್ಲ. ಕಾಗದದಿಂದ ಮೂರು ಜನನ್ನ ತೆಗೆದುಹಾಕಿದ್ದೂ ನಾನೇ, ಹೇಮಾ ಬೇಡ ಅಂದ್ಲು." ವೇದಿಕೆಯಿಂದ ಒಂದೊಂದೇ ಮೆಟ್ಟಿಲು ಇಳಿದು ಮೂರನೇ ಸಾಲಿಗೆ ಹೋದರು. ಗೌರಮ್ಮ ಇನ್ನೂ ಕೈಯನ್ನು ಎದೆಯ ಮಟ್ಟದಲ್ಲೇ ಹಿಡಿದು ನಿಂತಿದ್ದಳು, ಇಳಿಸಿ ಎಂದು ಹೇಮಶ್ರೀ ಹೇಳಿರಲಿಲ್ಲ. ಏಕಾಂತಯ್ಯನವರು ಆ ತೋಳಿಗೆ ಕೆಳಗಿನಿಂದ ಕೈ ಕೊಟ್ಟು ಮೆಲ್ಲಗೆ ಇಳಿಸಿದರು. "ತಪ್ಪಾಯ್ತು ತಾಯಿ" ಎಂದು ಕೈ ಮುಗಿದರು. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರಾಗಿ ಎದ್ದರು, ಸಭೆ ಪೂರ್ತಿ ಎದ್ದು ನಿಂತಿತು, ಶಿವರಾಮ್ ಕಣ್ಣೊರೆಸಿಕೊಂಡ. ಮೂವತ್ತೈದು ವರ್ಷದ ಕೆಲಸದಲ್ಲಿ ಏಕಾಂತಯ್ಯನವರಿಗೆ ಸಿಕ್ಕ ಅತಿ ದೊಡ್ಡ ಚಪ್ಪಾಳೆ ಅದಾಗಿರಬೇಕು, ಅದನ್ನು ಕೊಡಿಸಿದವಳು ಹೇಮಶ್ರೀ. ನಾಳೆ ನಿವೃತ್ತನಾಗುವವನಿಗೆ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಅಗ್ಗ ಎಂದುಕೊಂಡಳು. ಮುದುಕ ನನ್ನ ಬೇಟೆಯನ್ನು ನನ್ನ ಕಣ್ಣೆದುರೇ ಕಿತ್ತುಕೊಂಡ ಎಂದುಕೊಂಡಳು. ಈ ಸಿಟ್ಟಿಗೆಲ್ಲ ಈಗ ನಿಲ್ಲಲು ನೆಲವಿಲ್ಲ ಎಂದು ಗೊತ್ತಾಗಿಯೂ ಅದು ಇಳಿಯಲಿಲ್ಲ. ವೇದಿಕೆಗೆ ಹಿಂತಿರುಗುವಾಗ ಅವರು ಅವಳ ಪಕ್ಕದಲ್ಲೇ ಹಾದುಹೋದರು. "ಕೂತ್ಕೋ ಹೋಗಮ್ಮ" ಎಂದರು, ಅವಳಿಗಷ್ಟೇ ಕೇಳುವ ಹಾಗೆ. ಅವಳು ಹೋಗಿ ಕೂತಳು.

ಊಟಕ್ಕೆ ನಿಲ್ಲದೆ ಹೇಮಶ್ರೀ, ಗೌರಮ್ಮ ಇಬ್ಬರೂ ಹೊರಟರು. ಮಡಿವಾಳ ಕೆರೆಯ ಪಕ್ಕದಲ್ಲಿ ಗಾಡಿ ನಿಂತಾಗ ಹೇಮಶ್ರೀ, "ನೀವು ಏನೋ ಮಾತಾಡ್ಬೇಕು ಅಂದಿದ್ರಿ ಅಮ್ಮ. ಅವ್ರ ಎದುರಿಗೆ" ಎಂದಳು. ಏನಾದರೂ ಹೇಳಬೇಕಲ್ಲ ಎಂದು ಹೇಳಿದ್ದು.

"ಅವ್ರು ಕೈ ಮುಗುದ್ ಮ್ಯಾಲೆ ಏನ್ ಆಡ್ಲಿ."

"ಅವ್ರ ಮೇಲೆ ಅಷ್ಟ್ ಸಿಟ್ಟಿತ್ತಾ?"

ಗೌರಮ್ಮ ಅವಳ ಕಡೆ ತಿರುಗಿದಳು. "ಅವ್ರ ಮ್ಯಾಲೆ ಯಾಕ್ ಸಿಟ್ಟು? ನಿಮ್ ಮ್ಯಾಲೆ. ಅಸ್ರು ಬಟ್ಟೆ ಆಕಿದ್ರಿ ಡಾಕ್ಟ್ರಮ್ಮ ನನ್ ಮಕದ್ ಮ್ಯಾಲೆ. ಕಿವಿ ಮುಚ್ಚಿರ್ಲಿಲ್ಲ. ತೋಳಿಗೇ ತಾನೆ ಮರಗಟ್ಟೋ ಸೂಜಿ ಕೊಟ್ಟಿದ್ದು? ಆ ನರ್ಸಮ್ಮ ಮೇಲೈತೆ ಅಂದ್ಲು. ನೀವು ಬೈದ್ರಿ. ಅನ್ನೊಂದ್ ವರ್ಸ ತಲೆ ಬಾಚ್ಕೊಳಾಗ್ಲೆಲ್ಲ ಆ ಮಾತ್ ಕೇಳುಸ್ತದೆ ನಂಗೆ. ದಿನಾ ಶಾಪ ಆಕಿದೀನಿ ನಿಮ್ಗೆ. ಮೊನ್ನೆ ಫೋನ್ ಬಂತಲ್ಲ, ದೇವ್ರೇ ಕಳ್ಸುದ್ನಲ್ಲ ಅಂದ್ಕೊಂಡೆ. ಆ ದೊಡ್ಡೋರ್ ಎದ್ರಿಗೆ, ಅಷ್ಟ್ ಜನದ್ ಎದ್ರಿಗೆ, ಇವ್ಳೇ ಸಾಮಿ ಅಂತ ತೋರುಸ್ಬೇಕು ಅಂತ್ಲೇ ಈ ಸೀರೆ ಉಟ್ಕೊಂಡ್ ಬಂದೆ."

ಹಿಂದಿನ ಗಾಡಿ ಹಾರ್ನ್ ಹೊಡೆಯಿತು. ಹೇಮಶ್ರೀ ಕಾರನ್ನು ಹತ್ತಡಿ ಮುಂದೆ ತಂದು ಪಕ್ಕಕ್ಕೆ ನಿಲ್ಲಿಸಿದಳು. ಇಷ್ಟು ಹೊತ್ತು ಪಕ್ಕದಲ್ಲಿ ಕೂತಿದ್ದುದು ತನ್ನ ಸಿಟ್ಟಿನ ಜೊತೆಗಾರ್ತಿಯಲ್ಲ, ತನ್ನಂತೆಯೇ ಹನ್ನೊಂದು ವರ್ಷ ಒಂದು ವಾಕ್ಯವನ್ನು ಕಾಪಾಡಿಕೊಂಡು ಬಂದವಳು. ಕ್ಷಮಿಸಿ ಎನ್ನಬೇಕೆಂದುಕೊಂಡಳು, ಆದರೆ ಏಕಾಂತಯ್ಯನವರು ಆಗಲೇ ಅದನ್ನು ಚೆನ್ನಾಗಿ ಹೇಳಿಬಿಟ್ಟಿದ್ದರು.

"ಆ ಸರಳು ತೆಗಿಯಕ್ ಆಯ್ತದಾ?" ಕೇಳಿದಳು ಗೌರಮ್ಮ.

"ಆಗುತ್ತೆ. ಮೂಳೆ ಕೂಡಿದೆ. ತೆಗೆದ್ರೆ ಕೈ ಪೂರ್ತಿ ಅಲ್ದಿದ್ರೂ ಸುಮಾರು ಏಳತ್ತೆ. ಈ ವಾರಾನೇ ಮಾಡ್ತೀನಿ ಅಮ್ಮ. ನಾನೇ ಮಾಡ್ಕೊಡ್ತೀನಿ."

"ನೀವು ಬ್ಯಾಡಿ. ಅವ್ರ ಕೈಲಿ ತೆಗ್ಸಿ. ಈಗ್ಲೇ ಫೋನ್ ಮಾಡಿ, ನಂಗೂ ಕೇಳುಸ್ಬೇಕು."

ಹೇಮಶ್ರೀ ಫೋನ್ ತೆಗೆದು ಸ್ಪೀಕರಿಗೆ ಹಾಕಿದಳು. ಆ ಕಡೆ ಊಟದ ಗದ್ದಲ, ತಟ್ಟೆಗಳ ಸದ್ದು. "ಹೇಳಮ್ಮ" ಎಂದರು ಅವರು.

"ಸಾರ್, ಗೌರಮ್ಮನವರ ನೇಲ್ ತೆಗೀಬೇಕು. ನೀವೇ ತೆಗೀಬೇಕಂತೆ." ಇನ್ನೂ ಏನೋ ಬಾಕಿ ಉಳಿದಿದೆ ಎಂಬಂತೆ ಗೌರಮ್ಮ ಅವಳನ್ನೇ ನೋಡುತ್ತಿದ್ದಳು. "ಸಾರ್, ಅದು ನಾನು ಮಾಡಿದ ಕೇಸು" ಎಂದಳು ಹೇಮಶ್ರೀ.

"ಗೊತ್ತಮ್ಮ" ಎಂದರು. ಗದ್ದಲದಿಂದ ಸ್ವಲ್ಪ ಆಚೆ ಬಂದಿರಬೇಕು, ದನಿ ಹತ್ತಿರವಾಯಿತು. "ಆದ್ರೆ ನನ್ ಕೈಲಿ ಆಗಲ್ಲ ಹೇಮಾ. ಒಂದು ವರ್ಷ ಆಯ್ತು ಚಾಕು ಹಿಡ್ದು. ಕೈ ನಡುಗುತ್ತೆ, ಯಾರಿಗೂ ಹೇಳಿಲ್ಲ. ನೀನೇ ತೆಗಿ, ನಿನ್ನ ಕೈ ಈಗ ಒಳ್ಳೆ ಕೈ."

ಹೇಮಶ್ರೀ ಏನಾದರೂ ಹೇಳುವ ಮೊದಲೇ ಗೌರಮ್ಮ ಫೋನಿನ ಕಡೆ ಬಗ್ಗಿದಳು.

"ನಡುಗ್ಲಿ ಬುಡಿ ಸಾಮಿ" ಎಂದಳು. "ನೀವೇ ತೆಗೀರಿ."